ಮರಳು ದಿಬ್ಬದ ಮೇಲೆ ಇಪ್ಪತ್ತೊಂದು ಕುರಿ

ದಿಬ್ಬದ ನೆತ್ತಿಯಲ್ಲಿ ಇಪ್ಪತ್ತೊಂದು ಕುರಿಗಳು ಸತ್ತು ಬಿದ್ದಿದ್ದವು. ಎಲ್ಲವೂ ಗಬ್ಬದವು. ಸುತ್ತ ಇನ್ನೂ ಮುನ್ನೂರು ನಿಂತಿದ್ದವು—ಬಾಯಿ ತೆರೆದು, ಉಸಿರಿಗೆ ತಡಕಾಡುತ್ತ.

ಪಶುವೈದ್ಯೆ ಡಾಕ್ಟರ್ ಲೋರ್ನಾ ಗಾಡಿಯಿಂದ ಇಳಿಯುವ ಮೊದಲೇ ಮನೆಯೊಡತಿ ಜನೀನ್ ನೋಸ್ಕೆ ಓಡಿಬಂದಳು. ಅವಳ ಸಹಾಯಕನಾದ ನಾನು ಔಷಧದ ಪೆಟ್ಟಿಗೆ ಹಿಡಿದು ಹಿಂದೆ ಇಳಿದೆ.

"ಕುರಿ ಹಾಳಾಗ್ಲಿ ಡಾಕ್ಟ್ರೇ! ಅದು ಯಾವ ವಿಷ, ಅಷ್ಟು ಹೇಳಿ!"

"ಯಾಕೆ? ಏನಾಯ್ತು?"

"ಕುರಿ ನೀರು ಕುಡಿಯೋ ಈ ತೊಟ್ಟಿಗೂ ನಮ್ಮ ಅಡುಗೆಮನೆಗೂ ಒಂದೇ ಪೈಪು. ಬೆಳಗ್ಗೆ ನನ್ನ ಮಗಳು ಟಿಲ್ಲಿ ಎರಡು ಲೋಟ ಕುಡಿದಿದಾಳೆ. ನಾಲ್ಕು ವರ್ಷದ ಮಗು! ನನ್ನ ಗಂಡ ಬ್ರೆಂಟನ್ ಅವಳನ್ನ ಕಾರಲ್ಲಿ ಹಾಕ್ಕೊಂಡು ಹೋದ. ಆಸ್ಪತ್ರೆ ಒಂದೂವರೆ ಗಂಟೆ ದಾರಿ. ವಿಷ ಯಾವ್ದು ಅಂತ ತಿಳಿಸಿದ್ರೆ ಮದ್ದು ತಯಾರಿಡ್ತೀವಿ ಅಂತಾರೆ."

"ಮಗು ಹೇಗಿದೆ?"

"ಚೆನ್ನಾಗೇ ಇದಾಳೆ ಅಂದ. ನಿನ್ನೆ ಸಂಜೆ ಈ ಕುರಿಗಳೂ ಚೆನ್ನಾಗೇ ಇದ್ವು!"



ಬೇಲಿಯ ಬಳಿ ಇಬ್ಬರು ನಿಂತಿದ್ದರು. ಒಬ್ಬ ಕ್ಲೈವ್—ಮೊನ್ನೆ ಮಂಗಳವಾರ ಇಲ್ಲಿ ಕಳೆನಾಶಕ ಸಿಂಪಡಿಸಿದವನು. ಇನ್ನೊಬ್ಬರು ಜನೀನಳ ಮಾವ ಹ್ಯೂಗೋ. ಎಂಬತ್ತು ದಾಟಿದ ಮುದುಕರು, ಊರುಗೋಲಿನ ಮೇಲೆ ಭಾರ ಬಿಟ್ಟಿದ್ದರು.

"ಇವನನ್ನೇ ಕೇಳಿ!" ಜನೀನ್ ಕ್ಲೈವ್‌ನತ್ತ ಕೈ ಚಾಚಿದಳು. "ನಮ್ಮ ತೊಟ್ಟಿಯಿಂದ ಸಿಂಪಡಿಸೋ ಯಂತ್ರಕ್ಕೆ ನೀರು ತುಂಬಿಸ್ಕೊಂಡಿದಾನೆ. ವಿಷ ಪೈಪಿಗೆ ವಾಪಸ್ ಹೋಗಿದೆ."

"ಒಂದು ತೊಟ್ಟೂ ಮುಟ್ಟಿಲ್ಲ ಕಣಮ್ಮ! ನನ್ನ ನೀರು ನಾನೇ ತಂದಿದ್ದೆ."

"ಸಾಕ್ಷಿ?"

"ಜೊತೆಗಿದ್ದದ್ದು ನನ್ನ ನಾಯಿ. ಅದು ಹೇಳಲ್ವಲ್ಲ, ಏನ್ಮಾಡ್ಲಿ?"

ಅಷ್ಟರಲ್ಲಿ ಆ ನಾಯಿಯೇ ಬೇಲಿ ಹಾರಿ ಮಂದೆಯತ್ತ ನುಗ್ಗಿತು. ಒಂದು ಕುರಿ ಬೆದರಿ ಓಡಿತು. ಹತ್ತು ಹೆಜ್ಜೆ. ಮುಗ್ಗರಿಸಿತು. ಮತ್ತೆ ಏಳಲಿಲ್ಲ.

"ನಾಯಿ ಕರಿಯಯ್ಯಾ!" ಲೋರ್ನಾ ಕೂಗಿದಳು. "ಯಾರೂ ಅವನ್ನ ಓಡಿಸ್ಬೇಡಿ!"

ಅವಳು ಬಿದ್ದ ಕುರಿಯ ಪಕ್ಕ ಮೊಣಕಾಲೂರಿ ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿದಳು. ರಕ್ತ ಕೆಂಪಗಿರಲಿಲ್ಲ. ಕಾಫಿ ಡಿಕಾಕ್ಷನ್ ಹಾಗೆ ಕಂದು.

"ಜನೀನ್, ಮನೆ ಹಿಂದೆ ಟಗರು ಕಟ್ಟಿದ್ದೀರಲ್ಲ, ಅವು ಕುಡಿಯೋದು ಯಾವ ನೀರು?"

"ಇದೇ ಪೈಪಿನ ನೀರು..."

"ಬದುಕಿವೆಯಾ?"

"ಬೆಳಗ್ಗೆ ನನಗೇ ಗುದ್ದಕ್ಕೆ ಬಂತು ಒಂದು."

ಲೋರ್ನಾ ಕ್ಲೈವ್‌ನತ್ತ ಕೈ ನೀಡಿದಳು. "ಔಷಧಿ ಎಲ್ಲೆಲ್ಲಿ ಬಿತ್ತು, ನಿನ್ನ ಯಂತ್ರದ ನಕ್ಷೆ ತೋರಿಸು."

ಕ್ಲೈವ್ ಟ್ಯಾಬ್ಲೆಟ್ ತೆರೆದ. "ಕ್ಯಾಮೆರಾಗೆ ಹಸಿರು ಕಂಡ ಕಡೆ ಮಾತ್ರ ನಳಿಕೆ ತೆರೆಯುತ್ತೆ. ಹೊಲದ ನೂರಕ್ಕೆ ಎಂಟು ಪಾಲಿಗೂ ಔಷಧಿ ಬಿದ್ದಿಲ್ಲ."

ನಕ್ಷೆಯ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು. ಆದರೆ ಒಂದು ಮೂಲೆಯಲ್ಲಿ ಮಾತ್ರ ದೊಡ್ಡ ಕಪ್ಪು ಮಚ್ಚೆ.

"ಇಲ್ಲಿ ನಳಿಕೆ ಮುಚ್ಚೇ ಇಲ್ವಲ್ಲ?"

"ಅದು ಈ ದಿಬ್ಬ. ಇಲ್ಲಿ ಕಳೆ ಚಾಪೆ ಹಾಸಿದ ಹಾಗಿದೆ."

"ಇಲ್ಲೇ ಯಾಕೆ?"

ಉತ್ತರಿಸಿದ್ದು ಹ್ಯೂಗೋ. "ನಮ್ಮಪ್ಪನ ಕಾಲದಿಂದ್ಲೂ ಕುರಿ ರಾತ್ರಿ ಮಲಗೋದು ಈ ದಿಬ್ಬದ ಮೇಲೇ ಅಮ್ಮ. ನೆಲದ ತುಂಬ ಹಿಕ್ಕೆ, ಒಳ್ಳೆ ಗೊಬ್ಬರ."

ಲೋರ್ನಾ ಬಾಡಿದ ಕಳೆಯ ಎಲೆಯೊಂದನ್ನು ಕಿತ್ತು, ಹಿಂಡಿ, ರಸವನ್ನು ಪರೀಕ್ಷೆಯ ಕಾಗದಕ್ಕೆ ಒತ್ತಿದಳು. ಕಾಗದ ಕ್ಷಣದಲ್ಲಿ ಕಡು ನೇರಳೆಯಾಯಿತು. ನಾನು ತೊಟ್ಟಿಯ ನೀರಿನಲ್ಲಿ ಇನ್ನೊಂದು ಕಾಗದ ಅದ್ದಿದೆ. ಬಣ್ಣವೇ ಏರಲಿಲ್ಲ.

ಅವಳು ಆಗಲೇ ಆಸ್ಪತ್ರೆಗೆ ಫೋನ್ ಹಚ್ಚಿದ್ದಳು. "ನೀರಲ್ಲಿ ವಿಷ ಇಲ್ಲ, ಅದೇ ನೀರು ಕುಡಿದ ಟಗರು ಚೆನ್ನಾಗಿವೆ. ಕುರಿ ಸತ್ತಿರೋದು ನೈಟ್ರೇಟಿಂದ, ಅದು ಕಳೆಯ ಎಲೆಯಲ್ಲಿದೆ. ಮಗು ಎಲೆ ತಿಂದಿಲ್ಲ. ಆದ್ರೂ ಒಮ್ಮೆ ನೋಡಿಬಿಡಿ."

ಜನೀನ್ ಬಾಡಿದ ಕಳೆಯನ್ನು ಕಾಲಿನಿಂದ ತಳ್ಳಿದಳು. "ಕಳೆ ಮೊದ್ಲೂ ಇತ್ತಲ್ಲ ಡಾಕ್ಟ್ರೇ?"

"ಇತ್ತು. ಕುರಿ ಇಷ್ಟೊಂದು ತಿಂತಿರ್ಲಿಲ್ಲ. ಹಿಕ್ಕೆಯ ಸಾರ ನೈಟ್ರೇಟಾಗಿ ಎಲೆಗೆ ಏರಿತ್ತು. ಔಷಧಿ ಬಿದ್ಮೇಲೆ ಕಳೆ ಒಂದೇ ಸಲಕ್ಕೆ ಸಾಯಲ್ಲ, ನಾಲ್ಕಾರು ದಿನ ಬಾಡುತ್ತೆ. ಆಗ ನೈಟ್ರೇಟ್ ಇನ್ನೂ ಏರುತ್ತೆ, ಎಲೆಗೂ ಸಿಹಿ ಬರುತ್ತೆ. ಕುರಿ ಮುಗಿಬಿದ್ದು ಮೇಯ್ತವೆ. ರಕ್ತ ಕಂದಾಗಿ ಅದಕ್ಕೆ ಉಸಿರು ಹೊರೋ ಶಕ್ತಿ ಹೋಗುತ್ತೆ. ಅದಕ್ಕೇ ಓಡಿದ ಕುರಿ ಬಿತ್ತು. ಉಳಿದವಕ್ಕೆ ಒಣಹುಲ್ಲು ತೋರಿಸಿ, ಮೆಲ್ಲಗೆ ಕೆಳಗಿಳಿಸಿ."

"ನಾನು ನಿನ್ನೆ ಮಂದೆ ಬಿಟ್ಟಿದ್ದು ಪಕ್ಕದ ಹೊಲಕ್ಕೆ!" ಜನೀನಳ ಕಣ್ಣು ಮತ್ತೆ ಕ್ಲೈವ್ ಮೇಲೆ. "ನಡುವಿನ ಗೇಟು ತೆರೆದಿಟ್ಟು ಹೋದವನು ನೀನು!"

"ತೆರೆದೇ ಇತ್ತು, ತೆರೆದೇ ಬಿಟ್ಟೆ. ಗೇಟು ಹೇಗೆ ಸಿಕ್ಕಿತೋ ಹಾಗೇ ಬಿಡ್ಬೇಕು. ನಮ್ಮ ಕಡೆ ಹಾಲು ಕುಡಿಯೋ ಮಕ್ಕಳಿಗೂ ಗೊತ್ತು ಅದು."

"ಸುಳ್ಳು!"

"ನಿಜ," ಎಂದಳು ಲೋರ್ನಾ. ನಮ್ಮನ್ನೆಲ್ಲ ಗೇಟಿನ ಬಳಿ ನಿಲ್ಲಿಸಿ ಮರಳು ತೋರಿಸಿದಳು. "ಜಾಡು ನೋಡಿ. ಹನ್ನೆರಡು ಟನ್ ಯಂತ್ರ ನಿಂತಿದ್ರೆ ಈ ಮರಳು ಕುಸಿದು ಗುಂಡಿ ಬೀಳ್ಬೇಕಿತ್ತು. ಚಕ್ರ ಒಂದೇ ಸಮ ಉರುಳಿದೆ. ಕ್ಲೈವ್ ಇಲ್ಲಿ ನಿಂತೂ ಇಲ್ಲ, ಇಳಿದೂ ಇಲ್ಲ. ಬಂದಾಗ ಗೇಟು ತೆರೆದೇ ಇತ್ತು. ಹಾಗಾದ್ರೆ ತೆರೆದವರು ಯಾರು?"

ಅವಳು ಕುರಿ ತುಳಿಯದ ಗೇಟಿನ ಗೂಟದ ಬುಡಕ್ಕೆ ಬೆರಳು ಮಾಡಿದಳು. ಬೂಟಿನ ಗುರುತಿನ ಪಕ್ಕದಲ್ಲೇ ಸಣ್ಣ ದುಂಡು ತೂತುಗಳು, ಹೆಜ್ಜೆಗೊಂದು.

ಅಲ್ಲಿಯವರೆಗೆ ನಾವು ಯಾರೂ ಅದನ್ನು ಗಮನಿಸಿರಲಿಲ್ಲ.

"ಹ್ಯೂಗೋ ಅವರೇ," ಲೋರ್ನಾ ಮೃದುವಾಗಿ ಕರೆದಳು.

ಮುದುಕರು ಊರುಗೋಲನ್ನು ಆ ತೂತಿನ ಪಕ್ಕ ಊರಿದರು. "ನಾನೇ ಅಮ್ಮ. ಪಾಪ, ಹುಡುಗ ಇಳಿದು ಹತ್ತೋ ಕಷ್ಟ ಯಾಕೆ ಅಂತ ಮೊದಲೇ ತೆಗೆದಿಟ್ಟೆ. ಹೋಗ್ವಾಗ ಅವನೇ ಹಾಕ್ತಾನೆ ಅಂದ್ಕೊಂಡೆ. ಹೇಗೆ ಸಿಕ್ತೋ ಹಾಗೇ ಬಿಡು ಅಂತ ಇವನಿಗೆ ಕಲಿಸಿದ್ದೂ ನಾನೇ. ಬೆಳಗ್ಗೆ ಎಲ್ಲ ನೀರು ನೀರು ಅಂದ್ರು... ಗೇಟಿನ ಮಾತು ಎತ್ತೋಕೆ ಬಾಯೇ ಬರ್ಲಿಲ್ಲ. ಮಗು..."

ಜನೀನ್ ಮಾವನನ್ನೇ ನೋಡುತ್ತ ನಿಂತಳು.  ಅವಳ ಫೋನು ಬಡಿದುಕೊಂಡಿತು. ಕಿವಿಗೆ ಹಿಡಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು ಅದನ್ನು ಮುದುಕರ ಕಿವಿಗೆ ಒತ್ತಿದಳು.

ಸಿಟ್ಟಿನ ಪುಟ್ಟ ದನಿ ನಮಗೆಲ್ಲ ಕೇಳಿಸಿತು.

"ಅಜ್ಜ! ಅಪ್ಪ ಬೇಕರಿ ದಾಟ್ಸಿಬಿಟ್ರು! ನಿಲ್ಸೇ ಇಲ್ಲ! ನೀನು ಬೈಯಿ!"