ಒಂದೇ ಮೇಜಿನ ಹೋಟೆಲು

"ಮೇಡಂ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು. ಸ್ವಲ್ಪ ನಗ್ತೀರಾ?"

ಅವನು ನನಗೆ ಹೇಳಿದ ಮೊದಲ ಮಾತು ಇದು. ಕೈಯಲ್ಲಿ ನೀರಿನ ಜಗ್ಗು, ಹೆಗಲ ಮೇಲೆ ಇಸ್ತ್ರಿ ಮಾಡಿದ ಬಿಳಿ ಟವೆಲು, ಮುಖದ ತುಂಬ ಆತಂಕ. ನಾನು ಸೂಪಿನ ಚಮಚವನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ.

"ಯಾಕೆ?"

"ಮೆಲ್ಲಗೆ ಮಾತಾಡಿ. ಆ ಕೊನೇಲಿ ಕನ್ನಡಕ ಹಾಕ್ಕೊಂಡು ಕೂತಿದಾರಲ್ಲ... ತಿರುಗಿ ನೋಡ್ಬೇಡಿ! ಅವರು ಪೇಪರಿನವರು. ಹೋಟೆಲುಗಳ ಬಗ್ಗೆ ಬರೀತಾರೆ. ಊಟ, ಸರ್ವಿಸ್, ವಾತಾವರಣ, ಮೂರಕ್ಕೂ ಬೇರೆ ಬೇರೆ ಅಂಕ ಹಾಕ್ತಾರೆ. ಊಟ ನಮ್ಮ ಚಿಕ್ಕಮ್ಮ ನೋಡ್ಕೋತಾರೆ. ಸರ್ವಿಸ್ ನಾನು. ಈ ವಾತಾವರಣ ಅನ್ನೋದನ್ನ ನಾನು ಎಲ್ಲಿಂದ ತರ್ಲಿ ಹೇಳಿ? ಅದನ್ನ ಗಿರಾಕಿಗಳೇ ತರ್ಬೇಕು."

ಬೇಡವೆಂದರೂ ತಿರುಗಿ ನೋಡಿದೆ. ವಯಸ್ಸಾದ ಒಬ್ಬರು ತಟ್ಟೆಯ ಪಕ್ಕ ಕಾಗದಗಳ ಕಂತೆ ಇಟ್ಟುಕೊಂಡು, ಕೆಂಪು ಪೆನ್ನು ಹಿಡಿದು, ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು. ಯಾರು ನೋಡಿದರೂ ಉತ್ತರಪತ್ರಿಕೆ ತಿದ್ದುತ್ತಿರುವ ಮೇಷ್ಟ್ರು ಎಂದು ಹೇಳಬಹುದಿತ್ತು.

ಪೇಪರಿನವಳು ನಾನು.

ನಗು ತಡೆಯಲು ಆಗಲೇ ಇಲ್ಲ. ಸೂಪು ಮೂಗಿಗೆ ಹತ್ತುವಷ್ಟು ನಕ್ಕೆ. ಇಡೀ ಮೇಜು ನನ್ನ ಕಡೆ ತಿರುಗಿತು. ಅವನು ಗಾಬರಿಯಾಗಿ ಟವೆಲು ಕೊಟ್ಟು, ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದ, "ಇಷ್ಟೊಂದು ಬೇಡವಾಗಿತ್ತು ಮೇಡಂ. ಹುಚ್ಚರ ಹೋಟೆಲು ಅಂತ ಬರೆದಾರು."

ಆಫೀಸಿನಲ್ಲಿ ನನಗೆ 'ಕೊಕ್ಕೆ' ಎಂದು ಹೆಸರಿಟ್ಟಿದ್ದಾರೆ. ಎಂಥ ಊಟಕ್ಕೂ ಕೊಕ್ಕೆ ತೆಗೆಯುವುದರಲ್ಲಿ ಎತ್ತಿದ ಕೈ ಎಂದು. ಭಾನುವಾರದ ಪುಟದಲ್ಲಿ ನನ್ನ ಹೆಸರು ಹಾಕುವುದಿಲ್ಲ, ಫೋಟೋ ಹಾಕುವುದಿಲ್ಲ. ಗೋಡೆ ಪಕ್ಕದ ಮೇಜು ನೋಡಿ ಒಬ್ಬಳೇ ಕೂತು, ಯಾರ ಜೊತೆಯೂ ಮಾತಾಡದೆ ತಿಂದು, ಎದ್ದು ಬರುವುದು ನನ್ನ ಕೆಲಸ. ಹೋಟೆಲಿನವರ ಪರಿಚಯವಾದರೆ ಅಲ್ಲಿಗೆ ಮುಗಿಯಿತು, ಆ ಜಾಗದ ಬಗ್ಗೆ ಬರೆಯುವಂತಿಲ್ಲ. ಹೀಗಾಗಿ ಎಷ್ಟೋ ಹೋಟೆಲುಗಳ ಗೋಡೆಯ ಬಣ್ಣ ನನಗೆ ಗೊತ್ತು, ಒಬ್ಬ ಮಾಲೀಕನ ಮುಖವೂ ಗೊತ್ತಿರಲಿಲ್ಲ. ನನಗೆ ಅದೇ ದೊಡ್ಡ ಹೆಮ್ಮೆಯಾಗಿತ್ತು.

ಆದರೆ ಈ ಹೋಟೆಲಿನಲ್ಲಿ ಗೋಡೆ ಪಕ್ಕದ ಮೇಜೇ ಇಲ್ಲ. ಇರುವುದು ಒಂದೇ ಮೇಜು. ಬಾಗಿಲಿನಿಂದ ಅಡುಗೆಮನೆಯ ತನಕ ಚಾಚಿಕೊಂಡ ಉದ್ದನೆಯ ಮರದ ಮೇಜು. ಅದರ ಕತೆಯನ್ನು ಅವನೇ ಹೇಳಿದ. ಚಿಕ್ಕಮ್ಮನ ಗಂಡ ಮರಗೆಲಸದವರು. ಹೋಟೆಲು ಶುರುಮಾಡುವ ಮೊದಲು ಬೇರೆ ಯಾರದೋ ಮದುವೆಮನೆಗೆಂದು ಈ ಮೇಜನ್ನು ಇದೇ ಕೋಣೆಯ ಒಳಗೆ ಕೂತು ಮಾಡಿದರಂತೆ. ಮಾಡಿ ಮುಗಿದ ಮೇಲೆ ನೋಡುತ್ತಾರೆ, ಬಾಗಿಲಿನಿಂದ ಆಚೆಗೆ ಹೋಗುತ್ತಿಲ್ಲ.

"ಮತ್ತೆ ಕಾಲು ಬಿಚ್ಚಬಹುದಿತ್ತಲ್ಲ?"

"ಅದನ್ನೇ ಚಿಕ್ಕಮ್ಮ ಕೇಳಿದ್ರು. ನಾನು ಮಾಡಿದ ಮೇಜಿನ ಕಾಲು ಬಿಚ್ಚಲ್ಲ, ಬೇಕಾದ್ರೆ ಗೋಡೆ ಒಡೀತೀನಿ ಅಂದ್ರಂತೆ ಚಿಕ್ಕಪ್ಪ. ಗೋಡೆ ಒಡೆಯೋಕೆ ಚಿಕ್ಕಮ್ಮ ಬಿಡ್ಲಿಲ್ಲ. ಅವರು ಹೋದ್ಮೇಲೆ ಈಗ ನಾವು ಬಿಚ್ಚೋ ಮಾತೇ ಇಲ್ಲ."

ಹಾಗಾಗಿ ಒಬ್ಬರೇ ಬಂದರೂ, ಮನೆಮಂದಿಯೆಲ್ಲ ಬಂದರೂ ಆ ಮೇಜಿಗೇ ಕೂರಬೇಕು. ಎದುರಿಗೆ ಯಾರೂ ಇಲ್ಲದೆ ಯಾರೂ ಊಟ ಮಾಡಕೂಡದು ಎಂಬುದು ಚಿಕ್ಕಮ್ಮನ ಕಟ್ಟಪ್ಪಣೆ. ಎದುರಿನ ಕುರ್ಚಿ ಖಾಲಿಯಿದ್ದರೆ ಅವನೇ ಒಂದು ಲೋಟ ಟೀ ಹಿಡಿದುಕೊಂಡು ಬಂದು ಕೂರುತ್ತಿದ್ದ. ನನ್ನ ಎದುರಿನ ಕುರ್ಚಿ, ಅದೇನು ಕಾರಣವೋ, ಯಾವಾಗಲೂ ಖಾಲಿಯೇ ಇರುತ್ತಿತ್ತು.

ಸೂಪಿನಲ್ಲಿ ಕೊಕ್ಕೆ ತೆಗೆಯಲು ನಾನು ಮನಸಾರೆ ಪ್ರಯತ್ನಿಸಿದೆ. ಬೀನ್ಸು, ಟೊಮೆಟೊ, ಬೆಳ್ಳುಳ್ಳಿ, ಮೇಲೆ ಒಂಚೂರು ಎಣ್ಣೆ, ಅಷ್ಟೇ. ಉಪ್ಪು ಸರಿ, ಬಿಸಿ ಸರಿ. ಬಟ್ಟಲು ಖಾಲಿಯಾದ ಮೇಲೆ ಗೊತ್ತಾಯಿತು, ತಿನ್ನುವಾಗ ನಾನು ಏನನ್ನೂ ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಹಾಗೆ ಆಗಿದ್ದು ನೆನಪಿಲ್ಲ. ನಿಜವಾಗಿ ಬೆರಗಾದೆ, ಸ್ವಲ್ಪ ಹೆದರಿಕೆಯೂ ಆಯಿತು.

ಮತ್ತೆ ಹೋದೆ. ಕೆಲಸಕ್ಕೆಂದೇ ಹೋದೆ ಎಂದು ನನಗೆ ನಾನೇ ಹೇಳಿಕೊಂಡೆ.

ಒಲೆಯಿಂದ ಬ್ರೆಡ್ಡು ಹೊರಗೆ ಬರುವ ಹೊತ್ತಿಗೆ ಆ ಮೇಜಿನಲ್ಲಿ ಏನೋ ಆಗುತ್ತಿತ್ತು. ಮಾತಾಡುತ್ತಿದ್ದವರು ಮಾತು ನಿಲ್ಲಿಸುತ್ತಿದ್ದರು. ಫೋನು ನೋಡುತ್ತಿದ್ದವರು ತಲೆ ಎತ್ತುತ್ತಿದ್ದರು. ಬಸ್ಸಿನ ಡ್ರೈವರು ಮುರಿದುಕೊಂಡು ಬ್ಯಾಂಕಿನವಳಿಗೆ ದಾಟಿಸಿ, ಅವಳು ಮುರಿದು ಮೇಷ್ಟ್ರಿಗೆ ದಾಟಿಸಿ, ಯಾರೂ ಯಾರಿಗೂ ಏನೂ ಆಗಬೇಕಾಗಿಲ್ಲದ ಜನ ಬೆಣ್ಣೆಯ ಬಟ್ಟಲನ್ನು ಕೈಯಿಂದ ಕೈಗೆ ಕೊಡುತ್ತಿದ್ದರು. ಒಮ್ಮೆ ಮುನಿಸಿಕೊಂಡ ಗಂಡ ಹೆಂಡತಿ ಬಂದರು. ಅವರ ಮುಖ ನೋಡಿದ್ದೇ ಅವನು ಎದುರುಬದುರು ಕೂರಿಸದೆ ಪಕ್ಕಪಕ್ಕದಲ್ಲಿ ಕೂರಿಸಿದ. "ಎದುರು ಕೂತ್ರೆ ಮುಖ ನೋಡಿ ಜಗಳ ನೆನಪಾಗುತ್ತೆ," ಎಂದ ನನಗೆ ಮಾತ್ರ ಕೇಳುವಂತೆ. ಊಟ ಮುಗಿಯುವಷ್ಟರಲ್ಲಿ ಹೆಂಡತಿ ತನ್ನ ತಟ್ಟೆಯ ಆಲೂಗಡ್ಡೆಯನ್ನು ಗಂಡನ ತಟ್ಟೆಗೆ ಹಾಕುತ್ತಿದ್ದಳು. ನಾನು ಕಣ್ಣು ಕಣ್ಣು ಬಿಟ್ಟು ನೋಡುತ್ತ ಕೂತಿದ್ದೆ.

"ಏನ್ರೀ ಹಾಗೆ ನೋಡ್ತಿದೀರಿ?"

"ಏನಿಲ್ಲ."

"ನಿಮ್ಮ 'ಏನಿಲ್ಲ' ಅನ್ನೋದು ತುಂಬ ಉದ್ದ ಇರುತ್ತೆ," ಎಂದು ನಕ್ಕ. ನಗುವಾಗ ಅವನ ಎಡ ಹುಬ್ಬು ಮಾತ್ರ ಮೇಲೇರುತ್ತದೆ. ಬಲಗಡೆಯದು ಜಪ್ಪಯ್ಯ ಎಂದರೂ ಅಲುಗುವುದಿಲ್ಲ.

ಒಂದು ಸಂಜೆ ಮೇಜಿನ ಅರ್ಧ ಖಾಲಿಯಿತ್ತು. ಮುಖ್ಯರಸ್ತೆಯಲ್ಲಿ ಹೊಸ ಮಾಲ್ ಬಂದಮೇಲೆ ಜನ ಆ ಕಡೆಗೇ ಹರಿದಿದ್ದರು. ಅವನು ಟೀ ಲೋಟವನ್ನು ತಿರುಗಿಸುತ್ತ ಕೂತ.

"ಆ ಪೇಪರಿನ ಯಜಮಾನ್ರು ಏನಾದ್ರೂ ಒಳ್ಳೇದು ಬರೆದ್ರೆ ಉಳ್ಕೋತೀವಿ. ಇಲ್ಲಾಂದ್ರೆ ಬೇಸಿಗೆ ಕಳೆದ್ಮೇಲೆ ಮುಚ್ಚಿಬಿಡೋಣ ಅಂತಿದಾರೆ ಚಿಕ್ಕಮ್ಮ. ಬಾಯಲ್ಲಿ ಹೇಳ್ತಾರೆ ಅಷ್ಟೇ, ಮುಚ್ಚಿದ ದಿನ ಅವರು ಉಳಿಯಲ್ಲ. ಅಪ್ಪ ಅಮ್ಮ ಇಲ್ದೇ ಇರೋ ನನ್ನನ್ನ ಸಾಕಿದ್ದು ಈ ಅಡುಗೆಮನೇಲೇ, ಮೇಡಂ. ಬರೆಯೋಕೆ ಯಾಕಿಷ್ಟು ದಿನ ತಗೋತಿದಾರೋ ಆ ಯಜಮಾನ್ರು!"

ನಾನು ಒಂದು ಪುಟ ಬರೆದರೆ ಈ ಮೇಜು ತುಂಬುತ್ತದೆ. ಬರೆದೂ ಬರೆದಿದ್ದೆ, ಮನೆಯಲ್ಲಿ ಕೂತು, ಮತ್ತೆ ಮತ್ತೆ. 'ವಾತಾವರಣ' ಎಂದು ತಲೆಬರಹ ಕೊಟ್ಟು ಕೆಳಗೆ ಅವನ ಹುಬ್ಬಿನ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಓದಿ ನೋಡಿ ನಾಲಿಗೆ ಕಚ್ಚಿಕೊಂಡೆ. ಅದು ವಿಮರ್ಶೆಯಲ್ಲ ಎಂದು ಯಾವ ಓದುಗನಿಗಾದರೂ ಗೊತ್ತಾಗುತ್ತಿತ್ತು. ನನಗೆ ಅವನು ಬೇಕಾಗಿದ್ದ. ಇಷ್ಟು ಬೇಕಾದವರ ಬಗ್ಗೆ ಅಂಕ ಹಾಕಿದರೆ ಅದು ನಾನು ನನಗೇ ಕೊಟ್ಟುಕೊಂಡ ಲಂಚ.

ಮಾರನೆಯ ದಿನ ಸಂಪಾದಕಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು.

"ಕೊಕ್ಕೆಗೇ ಕೊಕ್ಕೆ ಬಿತ್ತಾ?"

"ಬಿತ್ತು ಮೇಡಂ."

"ಸರಿ. ನೀನು ಬರೆಯೋ ಹಾಗಿಲ್ಲ. ಬೇರೆ ಯಾರನ್ನಾದ್ರೂ ಕಳಿಸ್ತೀನಿ. ಯಾರು, ಯಾವಾಗ ಅಂತ ಕೇಳ್ಬೇಡ. ಅವರು ಬಂದಾಗ ನೀನು ಅಲ್ಲಿದ್ರೂ ಹೋಟೆಲಿನವರಿಗೆ ಸುಳಿವು ಕೊಡೋ ಹಾಗಿಲ್ಲ. ಕೊಟ್ಟೆ ಅಂತ ಗೊತ್ತಾದ್ರೆ ಒಂದಕ್ಷರನೂ ಹಾಕಲ್ಲ. ಚೆನ್ನಾಗಿಲ್ಲ ಅಂತ ಬಂದ್ರೆ ಅದನ್ನೂ ಹಾಕ್ತೀನಿ. ಒಪ್ಪಿಗೇನಾ?"

ಒಪ್ಪದೆ ಏನು ಮಾಡಲಿ?

ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಹೋಟೆಲಿಗೆ ಹೋದೆ. ಅವನೊಬ್ಬನೇ ಕೂತು ತೊಳೆದ ಚಮಚಗಳನ್ನು ಒರೆಸುತ್ತಿದ್ದ. ಕೂರುವ ಮೊದಲೇ ಹೇಳಿಬಿಟ್ಟೆ, ಕೂತರೆ ಧೈರ್ಯ ಹೋದೀತೆಂದು.

"ಪೇಪರಿನವಳು ನಾನು."

ಚಮಚ ಒರೆಸುವ ಕೈ ನಿಂತಿತು. "ಹಾಗಾದ್ರೆ ಅವರು?"

"ಮೇಷ್ಟ್ರು. ಉತ್ತರಪತ್ರಿಕೆ ತಿದ್ತಾರೆ."

"ಅಯ್ಯೋ ದೇವ್ರೇ! ದಿನಾ ಅವರಿಗೆ ಎರಡೆರಡು ಸಲ ಪುಡ್ಡಿಂಗ್ ಕೊಟ್ಟಿದೀನಲ್ಲ!"

"ಈ ಸಲ ಮಕ್ಕಳೆಲ್ಲ ಪಾಸಾಗಿರ್ತಾರೆ ಬಿಡಿ."

ಅವನು ನಗಲಿಲ್ಲ. ಒಂದು ಚಮಚ ಕೆಳಗಿಟ್ಟು, ಇನ್ನೊಂದು ಎತ್ತಿಕೊಂಡು, ಅದನ್ನೂ ಒರೆಸದೆ ಹಿಡಿದುಕೊಂಡ. "ಅಂದ್ರೆ, ನೀವು ಇಷ್ಟು ದಿನ ನನ್ನನ್ನ ಅಳೀತಾ ಇದ್ರಿ."

"ಅಳೆಯೋಕೆ ಬಂದೆ. ಆಗ್ಲಿಲ್ಲ. ಅದಕ್ಕೇ ಬರೀಬಾರದು ಅಂತ ತೀರ್ಮಾನ ಮಾಡ್ದೆ. ಬೇರೆ ಯಾರೋ ಬರ್ತಾರೆ. ಯಾರು ಅಂತ ನನಗೂ ಗೊತ್ತಿಲ್ಲ, ಗೊತ್ತಾದ್ರೂ ಹೇಳೋ ಹಾಗಿಲ್ಲ. ಅವರು ಏನು ಬರೀತಾರೋ ಏನೋ. ನಿಮಗೆ ನಷ್ಟ ಆಗ್ಬಹುದು."

"ನೀವೇ ಬರೆದಿದ್ರೆ ಚೆನ್ನಾಗಿ ಬರೀತಿದ್ರಿ ಅಲ್ವಾ?"

"ತುಂಬ ಚೆನ್ನಾಗಿ. ನಾಚಿಕೆ ಆಗೋಷ್ಟು ಚೆನ್ನಾಗಿ."

"ಮತ್ತೆ ಬರೀಬಹುದಿತ್ತಲ್ಲ?"

"ನೀವು ಬೇಕು ಅನ್ನಿಸ್ಬಿಡ್ತು ರೀ ನನಗೆ," ಎಂದೆ. ಊರೆಲ್ಲಕ್ಕೂ ಅಂಕ ಹಂಚುವವಳ ಧ್ವನಿ ಹತ್ತು ವರ್ಷದ ಮಗುವಿನ ಧ್ವನಿಯಾಗಿತ್ತು. "ಬೇಕಾದವರ ಬಗ್ಗೆ ಬರೆಯೋದು ಮೋಸ."

ಅವನು ಹಿಡಿದಿದ್ದ ಚಮಚವನ್ನು ಮೇಜಿನ ಮೇಲಿಟ್ಟ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಚಿಕ್ಕಮ್ಮ, "ಲೋ, ಹಿಟ್ಟು ಉಬ್ಬಿ ಪಾತ್ರೆಯಿಂದ ಆಚೆ ಬರ್ತಿದೆ, ಬಾರೋ!" ಎಂದು ಕೂಗಿದರು. ಅವನು ಎದ್ದ.

"ನಾಳೆ ಬರ್ತೀರಾ?"

"ಬರ್ತೀನಿ."

ಅಷ್ಟೇ. ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಆಮೇಲೂ ದಿನಾ ಸೂಪು ಕೊಟ್ಟ, ಎದುರು ಕೂತ, ಹವೆಯ ಬಗ್ಗೆ ಮಾತಾಡಿದ. ನನಗಂತೂ ತಲೆ ಚಿಟ್ಟು ಹಿಡಿಯಿತು. ಇವನಿಗೆ ಕೋಪವೋ, ಸಂಕೋಚವೋ, ಗಿರಾಕಿಯನ್ನು ಬೇಸರಪಡಿಸಬಾರದೆಂಬ ಸರ್ವಿಸ್ಸೋ ತಿಳಿಯಲೇ ಇಲ್ಲ.

ಆ ಶುಕ್ರವಾರ ಮೇಜಿನ ಕೊನೆಯಲ್ಲಿ ಕೂತಿದ್ದೆ. ಬಾಗಿಲು ತೆರೆದು ಒಳಗೆ ಬಂದವರನ್ನು ನೋಡಿ ಚಮಚವನ್ನು ಬಟ್ಟಲಿಗೆ ಬಿಟ್ಟೆ. ಸಂಪಾದಕಿ! ಯಾರನ್ನೋ ಕಳಿಸುತ್ತೇನೆ ಎಂದವರು ತಾವೇ ಬಂದಿದ್ದರು. ನನ್ನನ್ನು ಗುರುತೇ ಇಲ್ಲದವರಂತೆ ದಾಟಿ ಹೋಗಿ ಮೇಷ್ಟ್ರ ಪಕ್ಕದ ಕುರ್ಚಿ ಎಳೆದು ಕೂತರು.

ಒಂದು ಕಣ್ಣಸನ್ನೆ ಸಾಕಿತ್ತು. ಅವನು ಎಚ್ಚೆತ್ತುಕೊಳ್ಳುತ್ತಿದ್ದ, ಹೋಟೆಲು ಉಳಿಯುತ್ತಿತ್ತು. ಸನ್ನೆ ಮಾಡುವ ಹಾಗಿರಲಿಲ್ಲ. ತಲೆ ತಗ್ಗಿಸಿ ಬಟ್ಟಲನ್ನೇ ನೋಡುತ್ತ ಕೂತೆ. ಕಿವಿಯ ತನಕ ಮುಖ ಕೆಂಪೇರಿದ್ದು ನನಗೇ ಗೊತ್ತಾಗುತ್ತಿತ್ತು.

ಆಗಿದ್ದೇ ಎಡವಟ್ಟು. ನಾನು ತಲೆ ಎತ್ತದ್ದನ್ನು ಕಂಡು ಅವನಿಗೆ ಕಸಿವಿಸಿಯಾಯಿತು. ಆ ತುದಿಯಲ್ಲಿ ಬ್ರೆಡ್ಡು ಇಡುತ್ತ ಈ ತುದಿಗೆ ನೋಡಿದ. ಸೂಪು ಬಡಿಸುತ್ತ ನೋಡಿದ. 'ಏನಾಯ್ತು?' ಎಂದು ದೂರದಿಂದಲೇ ಹುಬ್ಬಿನಲ್ಲಿ ಕೇಳಿದ. ನಾನು ಉತ್ತರಿಸಲಿಲ್ಲ. ಸಂಪಾದಕಿಯ ಲೋಟಕ್ಕೆ ನೀರು ಹಾಕುತ್ತ ಮತ್ತೆ ನೋಡಿದ, ನೋಡುತ್ತಲೇ ಇದ್ದ. ಲೋಟ ತುಂಬಿ, ಮೇಜು ತೋಯ್ದು, ನೀರು ಅವರ ಮಡಿಲಿಗೆ ಇಳಿಯಿತು. ಸಂಪಾದಕಿ ಮಾತಿಲ್ಲದೆ ಕರವಸ್ತ್ರ ತೆಗೆದು ಒರೆಸಿಕೊಂಡರು. ಮುಗಿಯಿತು ಕತೆ ಎಂದುಕೊಂಡೆ. ನಾನು ಬರೆಯದೆ ಒಂದು ಸಲ, ಇಲ್ಲಿ ಕೂತು ಇನ್ನೊಂದು ಸಲ, ಈ ಮನೆಯವರ ಅನ್ನಕ್ಕೆ ಎರಡೆರಡು ಸಲ ಕಲ್ಲು ಹಾಕಿದ್ದೆ.

ಭಾನುವಾರ ಪೇಪರು ಬಿಡಿಸುವ ಧೈರ್ಯವಾಗಲಿಲ್ಲ. ಮಡಿಸಿಕೊಂಡೇ ಹೋದೆ. ಹೋಟೆಲಿನ ಬಾಗಿಲಲ್ಲಿ ಜನ ನಿಂತಿದ್ದರು. ಒಳಗೆ ಜಾಗವಿಲ್ಲದೆ ಆಚೆ ನಿಂತಿದ್ದರು! ಅವರ ನಡುವೆ ನುಸುಳಿ ಒಳಗೆ ಹೋದರೆ, ಚಿಕ್ಕಮ್ಮ ಮೇಜಿನ ತಲೆಯಲ್ಲಿ ನಿಂತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಬಂದವರಿಗೆಲ್ಲ ಕೇಳುವ ಹಾಗೆ ಓದುತ್ತಿದ್ದರು.

"'ಊಟ: ಐದಕ್ಕೆ ಐದು. ವಾತಾವರಣ: ಐದಕ್ಕೆ ಐದು. ಪರಿಚಯವೇ ಇಲ್ಲದ ಮೇಷ್ಟ್ರೊಬ್ಬರು ತಮ್ಮ ಪಾಲಿನ ಬೆಣ್ಣೆಯನ್ನು ನನಗೆ ಕೊಟ್ಟರು. ಇಂಥದು ನಾನು ಬೇರೆಲ್ಲೂ ನೋಡಿಲ್ಲ. ಸೇವೆ: ನಾಲ್ಕೂವರೆ. ಬಡಿಸುವಾತ ಸಭ್ಯ, ಚುರುಕು. ಆದರೆ ಆತನ ಗಮನವೆಲ್ಲ ಮೇಜಿನ ಕೊನೆಯಲ್ಲಿ ಕೂತ ಒಬ್ಬ ಹೆಣ್ಣುಮಗಳ ಮೇಲಿತ್ತು. ಒಬ್ಬರನ್ನು ಹೀಗೂ ನೋಡಬಹುದು ಎಂದು ನಾನು ಮರೆತೇ ಹೋಗಿದ್ದೆ. ನನ್ನ ಸೀರೆ ಒದ್ದೆಯಾದದ್ದು ಆತನಿಗೆ ಕೊನೆಗೂ ತಿಳಿಯಲಿಲ್ಲ. ಅದಕ್ಕಾಗಿ ಅರ್ಧ ಅಂಕ ಕಳೆದಿದ್ದೇನೆ.'"

ಚಿಕ್ಕಮ್ಮ ಪೇಪರು ಮಡಿಸಿ, ಕನ್ನಡಕದ ಮೇಲಿಂದ ನನ್ನನ್ನು ಹುಡುಕಿ ತೆಗೆದರು. ಮೇಜಿಗೆ ಮೇಜೇ ನನ್ನ ಕಡೆ ತಿರುಗಿತು. ಮೇಷ್ಟ್ರು ಸಹ ಕೆಂಪು ಪೆನ್ನು ಕೆಳಗಿಟ್ಟರು. ಎಲ್ಲಿ ಅಡಗಿಕೊಳ್ಳಲಿ? ಇಷ್ಟು ದಿನ ಅವನು ಬಾಯಿಬಿಟ್ಟು ಹೇಳದ ಮಾತನ್ನು ಊರಿಗೆ ಊರೇ ಓದುತ್ತಿತ್ತು, ಎಲ್ಲರಿಗಿಂತ ಕೊನೆಗೆ ತಿಳಿದುಕೊಂಡವಳು ನಾನು.

ಅವನು ಕೈಯಲ್ಲಿದ್ದ ತಟ್ಟೆಗಳನ್ನು ಡ್ರೈವರಣ್ಣನ ಕೈಗೆ ಕೊಟ್ಟು, ಜನರನ್ನು ಸರಿಸಿಕೊಂಡು ಬಂದು ನನ್ನ ಮುಂದೆ ನಿಂತ.

"ಅರ್ಧ ಅಂಕ ಹೋಯ್ತಲ್ಲ ರೀ," ಎಂದೆ. ಬೇರೆ ಮಾತು ಹೊರಡಲಿಲ್ಲ. "ನನ್ನಿಂದ."

"ನಿಮ್ಮ ಪೇಪರಿನ ಮೇಡಂಗೆ ಲೆಕ್ಕ ಬರಲ್ಲ ಅನ್ಸುತ್ತೆ," ಎಂದ. ಈಗ ಎರಡೂ ಹುಬ್ಬು ಮೇಲೇರಿದ್ದವು. "ಅರ್ಧ ಯಾಕೆ ಕಳೆದ್ರು? ಪೂರ್ತಿ ಕಳೀಬೇಕಿತ್ತು. ನಾನು ಆವತ್ತು ನಿಮ್ಮನ್ನ ಬಿಟ್ಟು ಇನ್ಯಾರನ್ನೂ ನೋಡ್ಲೇ ಇಲ್ಲ."