ತುಕ್ಕು ಹಿಡಿಯದ ಕ್ಯಾರಿಯರ್

ತುಕ್ಕು ಹಿಡಿದಂತೆ ಕಾಣುವ ಸೈಕಲ್ ಕಟ್ಟುವ ಹುಚ್ಚು ನನಗೆ ಮೊಬೈಲಿನಲ್ಲಿ ವಿಡಿಯೊ ನೋಡಿ ಹತ್ತಿತು. ಗುಜರಿಯಿಂದ ಹಳೆಯ ಸೈಕಲ್ ತಂದು, ಬಣ್ಣ ಕೆರೆದು, ಬೇಗ ತುಕ್ಕು ಹಿಡಿಯಲೆಂದು ನಮ್ಮ ಇಂಡಿ ಊರಿನ ಲಿಂಬೆರಸಕ್ಕೆ ಉಪ್ಪು ಬೆರೆಸಿ ಬಳಿದೆ.

"ದೆವ್ವ ಓಡಸೂ ಹಣ್ಣಿಲೆ ಸೈಕಲ್ ತೊಳ್ಯಾಕತ್ತಿಯಲ್ಲೋ!" ಎಂದು ಅವ್ವ ನಕ್ಕಳು.

ಸೈಕಲ್ಲೆಲ್ಲ ಸೊಗಸಾಗಿ ಕೆಂಪಾಯಿತು. ಕ್ಯಾರಿಯರ್ ಮೇಲೆ ಮಾತ್ರ, ಒಬ್ಬರು ಕೂರುವಷ್ಟು ಜಾಗ ಹೊಳೆಯುತ್ತಲೇ ಉಳಿಯಿತು. ಮತ್ತೆ ಬಳಿದರೂ ಅಷ್ಟೇ. ಮಟಮಟ ಮಧ್ಯಾಹ್ನದ ಬಿಸಿಲಿಗೆ ಹ್ಯಾಂಡಲ್ ಕೈ ಸುಡುತ್ತಿದ್ದರೆ, ಆ ಜಾಗ ಮಣ್ಣಿನ ಕೊಡದ ನೀರಿನಂತೆ ತಣ್ಣಗಿತ್ತು. ಸಿಟ್ಟು ಬಂದು ಹೊಸ ಕ್ಯಾರಿಯರ್ ಹಾಕಿ, ಅದನ್ನೂ ಕೆರೆದು ಬಳಿದೆ. ಅದರಲ್ಲೂ ಅಷ್ಟೇ ಜಾಗಕ್ಕೆ ತುಕ್ಕು ಹಿಡಿಯಲಿಲ್ಲ.

"ಇರ್ಲಿ ಬಿಡೋ. ಪಾಪ, ಯಾರಿಗೋ ಕುಂಡ್ರಾಕ ಜಾಗ ಬೇಕಾಗೈತಿ," ಎಂದು ಅವ್ವ ಅಲ್ಲೊಂದು ದಿಂಬು ಕಟ್ಟಿದಳು. ನಾನು ಪಕ್ಕದೂರು ಸಾಲೋಟಗಿಗೆ ಹೊರಟಾಗ ಬಾಗಿಲಿಗೆ ಬಂದು ಆ ಖಾಲಿ ದಿಂಬಿಗೇ ಹೇಳಿದಳು: "ರಸ್ತೆ ಬರೇ ತಗ್ಗು ದಿನ್ನಿ ಐತಿ. ಸೀಟು ಗಟ್ಟಿ ಹಿಡಕೊಂಡು ಕುಂಡ್ರು."

ದಾರಿಯುದ್ದಕ್ಕೂ ನನಗೆ ನಗು.

ಮನೆಗೆ ಬಂದು ಇಳಿದಾಗ ನೋಡಿದೆ. ಸೀಟಿನ ಹಿಂದಿನ ಸ್ಪ್ರಿಂಗಿನಲ್ಲಿ ನಾಲ್ಕು ಬೆರಳಗಲ ತುಕ್ಕು ಸವೆದು ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಮುಟ್ಟಿದೆ, ತಣ್ಣಗಿತ್ತು.