ಫ್ಯೂಜ್ ಪೆಟ್ಟಿಗೆಯ ಕೀಲಿ

ಕ್ರಿಸ್‌ಮಸ್ ಮರ ಬಹುತೇಕ ಸುಟ್ಟು ಕರಿಕಡ್ಡಿಯಾಗಿತ್ತು. ತುದಿಯ ನಕ್ಷತ್ರ ಕರಗಿ ಗೋಡೆಗೆ ಅಂಟಿಕೊಂಡಿತ್ತು. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯ ಬಾಡಿಗೆ ಮನೆ. ಹಬ್ಬದ ಮರುದಿನ ಬೆಳಿಗ್ಗೆ ಹೊತ್ತಿಕೊಂಡ ಬೆಂಕಿ ಆರಿತ್ತು. ಆದರೂ ಅಗ್ನಿಶಾಮಕ ಠಾಣಾಧಿಕಾರಿ ವಿಶಾಖಾ ಹೊರಡಲಿಲ್ಲ. ಹೊತ್ತಿದ್ದು ಹೇಗೆ ಎಂಬುದು ತಿಳಿಯುವವರೆಗೆ ಅವಳಿಗೆ ಕೆಲಸ ಮುಗಿಯುತ್ತಿರಲಿಲ್ಲ.

ಕಟ್ಟೆಯ ಮೇಲೆ ಮುದುಕಿ ಸೋನಾಬಾಯಿ ಅಳುತ್ತಿದ್ದಳು. ನರ್ಸ್ ಕೆಲಸದ ಮಗಳು ಸುವಾರ್ತಾ ಡ್ಯೂಟಿ ಬಿಟ್ಟು ಓಡಿ ಬಂದಿದ್ದಳು.

"ನಂದ ತಪ್ಪರಿ ಯವ್ವಾ. ಮೇಣಬತ್ತಿ ಹಚ್ಚಿ, ಪ್ರಾರ್ಥನಿ ಮಾಡಿ, ಅಡಗಿ ಮನಿಗಿ ಹೋದೆ. ಹೊಳ್ಳಿ ನೋಡಿದ್ರ ಬೆಂಕಿ!"

"ಆಕಿದಲ್ಲ ಮೇಡಂ," ಮನೆ ಮಾಲೀಕ ಶಂಕ್ರೆಪ್ಪ ಎದುರು ಮನೆಯವನತ್ತ ಬೆರಳು ತೋರಿಸಿದ. "ಲೈಟಿನ ಸರ ಹಾಕಿದಾಂವ ಈ ಜಹೀರ. ಅಗ್ಗದ ಮಾಲ ಹಾಕ್ಯಾನ. ಇವನ ಮ್ಯಾಲ ಕೇಸ್ ಮಾಡ್ರಿ."

ಎಲೆಕ್ಟ್ರಿಷಿಯನ್ ಜಹೀರನ ಅಂಗೈಯಲ್ಲಿ ಸುಟ್ಟ ಬೊಬ್ಬೆಗಳಿದ್ದವು. ಸೋನಾಬಾಯಿಯನ್ನು ಹೊರಗೆ ಎಳೆದು ತಂದವನು ಅವನೇ.

"ಸುಳ್ಳರಿ," ಎಂದಷ್ಟೇ ಹೇಳಿದ.

*

ವಿಶಾಖಾ ನೆಲಕ್ಕೆ ಮೊಣಕಾಲೂರಿ ನೋಡಿದಳು. ಮೇಣಬತ್ತಿಯ ಸ್ಟೂಲು ಮರದ ಬಲಕ್ಕಿತ್ತು. ಆ ಬದಿಯ ಕೆಳಗಿನ ರೆಂಬೆಗಳು ಸುಟ್ಟೇ ಇರಲಿಲ್ಲ. ಗೋಡೆಯ ಮಸಿ ಎಡಕ್ಕೆ, ನೆಲದಿಂದಲೇ ಎದ್ದಿತ್ತು. ಜಹೀರನ ಲೈಟಿನ ಸರದಲ್ಲಿ ತಾಮ್ರ ಎಲ್ಲೂ ಕರಗಿರಲಿಲ್ಲ.

ಮರದ ಕುಂಡ ಸರಿಸಿದಳು. ಅಡಿಯಲ್ಲಿ ಎಕ್ಸ್‌ಟೆನ್ಷನ್ ವಾಯರ್ ಜಜ್ಜಿಹೋಗಿತ್ತು. ಅದರ ತಾಮ್ರ ಕರಗಿ ಸಾಸಿವೆಯಷ್ಟು ಗುಂಡಾಗಿತ್ತು; ಕಿಡಿ ಹಾರಿದ್ದು ಇಲ್ಲೇ.

"ಕಾಲಿಗೆ ತೊಡರ್ತಿತ್ತಂತ ವಾಯರ್ ಮ್ಯಾಲ ಕುಂಡ ನಾನ ಇಟ್ಟೆರಿ," ಸುವಾರ್ತಾ ತಲೆ ತಗ್ಗಿಸಿದಳು.

"ಗಿಡಕ್ಕ ನೀರು?"

"ಕಳ್ಳಕವಟಗಿ ಊರಿಂದ ಕಡಿಸಿ ತಂದು ಹನ್ನೆರಡು ದಿನ ಆತು. ಹನಿ ನೀರು ಹಾಕಿಲ್ರಿ."

"ಆಯಿ, ಬೆಂಕಿ ನಿಮ್ಮ ಮೇಣಬತ್ತಿಯಿಂದ ಬಂದಿಲ್ಲ. ಜಹೀರನ ಲೈಟಿಂದೂ ಅಲ್ಲ," ಎಂದಳು ವಿಶಾಖಾ.

"ಖರೇನಾ?" ಸೋನಾಬಾಯಿ ಎರಡು ಸಲ ಕೇಳಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದರೆ ಕಿಡಿ ಹಾರಿದ ಕೂಡಲೇ ಫ್ಯೂಜ್ ಹೋಗಬೇಕಿತ್ತು. ಯಾಕೆ ಹೋಗಲಿಲ್ಲ?

"ಹೋದ ವಾರ ಮೂರು ಸಲ ಹೋಗಿತ್ತು," ಎಂದಳು ಸೋನಾಬಾಯಿ. "ಎರಡು ದಿನದಿಂದ ಗಟ್ಟಿ ನಿಂತೈತಿ."

ಫ್ಯೂಜ್ ಪೆಟ್ಟಿಗೆ ಮೆಟ್ಟಿಲ ಕೆಳಗಿತ್ತು. ಬೀಗ ಹಾಕಿತ್ತು.

"ಕೀಲಿ ಯಾರ ಕಡೆ ಅದ?"

"ನನ್ನ ಕಡೆ," ಎಂದ ಶಂಕ್ರೆಪ್ಪ.

"ಮತ್ತ ಯಾರ ಕಡೆ?"

"ಮತ್ತ್ಯಾರ ಕಡೆನೂ ಇಲ್ರಿ." ಶಂಕ್ರೆಪ್ಪ ಕಿಸೆಯಿಂದ ಕೀಲಿ ತೆಗೆದುಕೊಟ್ಟ. ಪೆಟ್ಟಿಗೆ ತೆರೆಯಿತು. ಕೂದಲಿನಷ್ಟು ತೆಳ್ಳಗಿನ ಫ್ಯೂಜ್ ತಂತಿಯ ಜಾಗದಲ್ಲಿ ದಪ್ಪ ತಾಮ್ರದ ತುಂಡು ಕೂತಿತ್ತು.

"ಇದು ಬೋರಿನ ಮೋಟಾರಿಗೆ ಸುತ್ತೂ ತಂತಿ," ಎಂದ ಜಹೀರ. "ಬಿಜ್ಜರಗಿ ದ್ರಾಕ್ಷಿ ತೋಟದಾಗ ಮೋಟಾರ್ ಇರೋದು ಶಂಕ್ರೆಪ್ಪ ಕಾಕಾರದು."

"ದಿನಾ ಫ್ಯೂಜ್ ಕಟ್ಟಿ ಬ್ಯಾಸರ ಆಗಿತ್ರಿ," ಶಂಕ್ರೆಪ್ಪನ ದನಿ ಇಳಿಯಿತು. "ಇದು ಜಲ್ದಿ ಹೋಗಂಗಿಲ್ಲಂತ ಹಾಕಿದೆ. ಬೆಂಕಿ ಬಿದ್ದಾಗ ಹೆದರಿ ಇವನ ಹೆಸರು ಹೇಳಿದೆ."

"ವಾಯರ್ ಕೆಟ್ಟೈತಿ ಅಂತ ಫ್ಯೂಜ್ ಮೂರು ಸಲ ಹೇಳಿತ್ತು. ನೀವು ಅದರ ಬಾಯಿ ಮುಚ್ಚಿದ್ರಿ. ಜಜ್ಜಿದ ವಾಯರ್ ಕಾದು ಕಿಡಿ ಹಾರ್‍ತು. ಒಣಗಿದ ಗಿಡಕ್ಕ ಅಷ್ಟ ಸಾಕಾತು. ರಿಪೋರ್ಟಿನಾಗ ನಿಮ್ಮ ಹೆಸರು ಬರತೈತಿ."

ಶಂಕ್ರೆಪ್ಪನ ಮುಖ ಬಿಳಿಚಿತು. ಆದರೆ ರಿಪೋರ್ಟಿನ ಮಾತಿಗಲ್ಲ.

"ಮೇಡಂ... ಅದ ತಂತಿ ನಮ್ಮ ಮನ್ಯಾಗೂ ಹಾಕೀನಿ. ಹೆಂಡ್ತಿ ಕಾಶಿಬಾಯಿ ಒಬ್ಬಾಕಿ ಅದಾಳ. ಗೀಜರ್ ಹಚ್ಚಿರ್ತಾಳ."

*

ಎರಡು ಓಣಿ ದಾಟಿ ಎಲ್ಲರೂ ಓಡಿದರು. ಬಾಗಿಲಲ್ಲೇ ರಬ್ಬರ್ ಸುಟ್ಟ ವಾಸನೆ. ವಿಶಾಖಾ ಒಳಗೆ ನುಗ್ಗಿ ಮೇನ್ ಸ್ವಿಚ್ ಎಳೆದಳು. ಗೀಜರಿನ ಪ್ಲಗ್ ಕರಗಿ ಹೊಗೆಯಾಡುತ್ತಿತ್ತು. ಪಕ್ಕದಲ್ಲೇ ಬಟ್ಟೆಯ ರಾಶಿ. ಇನ್ನೂ ಹೊತ್ತಿರಲಿಲ್ಲ.

"ಕಾಶೀ!" ಶಂಕ್ರೆಪ್ಪ ಬಚ್ಚಲ ಬಾಗಿಲು ಬಡಿದ.

"ಯಾಕ ಒದರ್ತೀರಿ? ಕರೆಂಟ್ ಯಾರು ತಗದ್ರು? ತಲಿ ತುಂಬ ಸೀಗಿಕಾಯಿ ಹಚ್ಚೀನಿ!"

ಶಂಕ್ರೆಪ್ಪ ಗೋಡೆಗೊರಗಿ ಕುಸಿದ. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. ಜಹೀರನತ್ತ ಕೈ ಜೋಡಿಸಿದ.

ವಿಶಾಖಾ ಬಟ್ಟೆಯ ರಾಶಿಯನ್ನು ಪ್ಲಗ್ಗಿನಿಂದ ದೂರ ಸರಿಸಿದಳು.

"ಆಮ್ಯಾಲ ಮಾತಾಡೂಣು ಕಾಕಾ," ಎಂದ ಜಹೀರ. "ಮೊದಲ ಕಾಕಿಗಿ ಒಂದು ಕೊಡ ಬಿಸಿನೀರು ಕಾಸ್ರಿ. ಒಲಿ ಮ್ಯಾಲ."